ಆರು ನಿಮಿಷದ ‘ಸುರ್’: ಕಾರವಾರ ಕೇಳಿದ್ದು, ಕೇಳದೇ ಹೋದದ್ದು

ಅದು 1988ರ ಆಗಸ್ಟ್ 15. ಕೆಂಪುಕೋಟೆಯಿಂದ ಪ್ರಧಾನಿ ರಾಜೀವ್ ಗಾಂಧಿಯವರ ಭಾಷಣ ಮುಗಿದಿತ್ತು. ಟಿ.ವಿ. ಮುಂದೆ ಕುಳಿತವರು ಇನ್ನೇನು ಏಳಬೇಕು ಎನ್ನುವಷ್ಟರಲ್ಲಿ ತೆರೆಯ ಮೇಲೆ ಒಂದು ಜಲಪಾತ ಕಾಣಿಸಿಕೊಂಡಿತು. ಅದರೆದುರು ಪಂಡಿತ ಭೀಮಸೇನ ಜೋಶಿ. ತುಂಬು ಕಂಠದಿಂದ ಭೈರವಿಯ ಸ್ವರ ಹೊರಟಿತು. ಅಲ್ಲಿಂದ ಮುಂದಿನ ಆರು ನಿಮಿಷಗಳಲ್ಲಿ ಕಾಶ್ಮೀರದ ಸರೋವರ, ಪಂಜಾಬಿನ ಹೊಲ, ಕೇರಳದ ಆನೆ, ಕಲ್ಕತ್ತೆಯ ಮೆಟ್ರೊ ರೈಲು ಒಂದರ ಹಿಂದೊಂದು ಬಂದುಹೋದವು. ಒಂದೇ ಧಾಟಿ, ಒಂದೇ ಭಾವ. ಭಾಷೆ ಮಾತ್ರ ಹದಿನಾಲ್ಕು.

‘ಮಿಲೇ ಸುರ್ ಮೇರಾ ತುಮ್ಹಾರಾ’ ಎಂಬ ಆ ಕಿರುಚಿತ್ರವನ್ನು ನೋಡದ, ಅದರ ಧಾಟಿಯನ್ನು ಗುನುಗದ ಟಿ.ವಿ. ವೀಕ್ಷಕರು ಆ ಕಾಲದಲ್ಲಿ ವಿರಳ. ತಮಿಳು ಬಾರದ ಮಕ್ಕಳು ತಮಿಳು ಸಾಲನ್ನೂ, ಕಾಶ್ಮೀರಿ ಎಂದರೇನೆಂದು ಅರಿಯದವರು ಕಾಶ್ಮೀರಿ ಸಾಲನ್ನೂ ಬಾಯಿಪಾಠ ಮಾಡಿಕೊಂಡರು. ಅರ್ಥ ತಿಳಿಯದಿದ್ದರೂ ಉಚ್ಚಾರ ತಿಳಿದಿತ್ತು. ದೇಶದ ಇನ್ನೊಂದು ಮೂಲೆಯ ಮಾತು ಹೀಗಿರುತ್ತದೆ ಎಂದು ಲಕ್ಷಾಂತರ ಮನೆಗಳಿಗೆ ಮೊದಲ ಬಾರಿ ಕೇಳಿಸಿದ್ದು ಈ ಆರು ನಿಮಿಷಗಳಲ್ಲಿ.

ಆದರೆ ಈ ಚಿತ್ರವನ್ನು ಎಲ್ಲರೂ ಒಂದೇ ಕಿವಿಯಿಂದ ಕೇಳಲಿಲ್ಲ. ಕಾಳಿ ನದಿಯ ದಡದ ಕಾರವಾರದಲ್ಲಿ, ಅದರ ದಕ್ಷಿಣಕ್ಕಿರುವ ಅಂಕೋಲೆಯಲ್ಲಿ ಇದನ್ನು ನೋಡಿದವರಿಗೆ ಕನ್ನಡದ ಸಾಲು ಕೇಳಿಸಿತು. ಮರಾಠಿಯ ಸಾಲೂ ಕೇಳಿಸಿತು. ಅಲ್ಲಿನ ಬಹಳಷ್ಟು ಮನೆಗಳ ಅಡುಗೆಮನೆಯಲ್ಲಿ, ದೋಣಿಯಲ್ಲಿ, ಮೀನುಪೇಟೆಯಲ್ಲಿ ಆಡುವ ಕೊಂಕಣಿ ಮಾತ್ರ ಕೇಳಿಸಲಿಲ್ಲ. ಅದು ಏಕೆ ಎಂದು ಹುಡುಕುತ್ತ ಹೋದರೆ ಒಂದು ಜಾಹೀರಾತಿನ ಕಥೆಯಷ್ಟೇ ಅಲ್ಲ, ಯಾವ ಭಾಷೆ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಕಥೆಯೂ ತೆರೆದುಕೊಳ್ಳುತ್ತದೆ.

ಸರಕಿಲ್ಲದ ಜಾಹೀರಾತು

‘ಮಿಲೇ ಸುರ್’ ಯಾವ ಸರಕನ್ನೂ ಮಾರಲಿಲ್ಲ. ಅದರಲ್ಲಿ ಸೋಪು ಇಲ್ಲ, ಸ್ಕೂಟರ್ ಇಲ್ಲ, ಬೆಲೆ ಇಲ್ಲ, ಅಂಗಡಿಯ ವಿಳಾಸವಿಲ್ಲ. ಲೋಕ ಸೇವಾ ಸಂಚಾರ ಪರಿಷತ್ತು ಎಂಬ ಸಂಸ್ಥೆ ದೂರದರ್ಶನದ ಸಹಕಾರದೊಂದಿಗೆ ಸಾರ್ವಜನಿಕ ಸಂದೇಶಕ್ಕಾಗಿ ಮಾಡಿಸಿದ ಚಿತ್ರವಿದು. ಆದರೂ ಇದನ್ನು ಜಾಹೀರಾತಿನ ಇತಿಹಾಸದಲ್ಲಿ ಸೇರಿಸುವುದಕ್ಕೆ ಕಾರಣವಿದೆ. ಇದನ್ನು ಕಟ್ಟಿದವರೆಲ್ಲರೂ ಮುಂಬಯಿಯ ಜಾಹೀರಾತು ಲೋಕದವರು.

ಒಗಿಲ್ವಿ ಸಂಸ್ಥೆಯ ಸೃಜನ ವಿಭಾಗದ ಮುಖ್ಯಸ್ಥರಾಗಿದ್ದ ಸುರೇಶ್ ಮಲ್ಲಿಕ್ ಇದರ ರೂಪುರೇಷೆ ಹಾಕಿದರು. ಜಾಹೀರಾತು ಚಿತ್ರಗಳಲ್ಲಿ ಪಳಗಿದ್ದ ಕೈಲಾಶ್ ಸುರೇಂದ್ರನಾಥ್ ನಿರ್ದೇಶಿಸಿದರು. ಹಿಂದಿ ಸಾಹಿತ್ಯ ಬರೆದ ಪೀಯೂಷ್ ಪಾಂಡೆ ಆಗ ಅದೇ ಸಂಸ್ಥೆಯ ತರುಣ ಉದ್ಯೋಗಿ. ಹದಿನೇಳು ಕರಡುಗಳು ತಿರಸ್ಕೃತವಾಗಿ ಹದಿನೆಂಟನೆಯದು ಒಪ್ಪಿಗೆಯಾಯಿತು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದರು. ಧಾಟಿ ಹಾಕಿದ ಅಶೋಕ್ ಪತ್ಕಿ ಮರಾಠಿ ಭಾವಗೀತೆ, ನಾಟಕಗಳ ಜೊತೆಗೆ ಅಸಂಖ್ಯ ಜಿಂಗಲ್‌ಗಳನ್ನು ಮಾಡಿದವರು. ವಾದ್ಯ ಸಂಯೋಜನೆಯಲ್ಲಿ ನೆರವಾದ ಲೂಯಿಸ್ ಬ್ಯಾಂಕ್ಸ್ ಹೆಸರಾಂತ ಜಾಜ್ ಪಿಯಾನೊ ವಾದಕ. ಅವರಿಗೂ ಜಾಹೀರಾತು ಸಂಗೀತ ಹೊಸದಲ್ಲ.

ಸ್ವಾರಸ್ಯದ ಸಂಗತಿಯೊಂದಿದೆ. ಭೀಮಸೇನ ಜೋಶಿ ನಿಂತು ಹಾಡಿದ ಜಲಪಾತ ಕೊಡೈಕೆನಾಲ್ ಬಳಿಯ ಪಾಂಬಾರ್ ಜಲಪಾತ. 1970ರ ದಶಕದಲ್ಲಿ ಹಸಿರು ಈಜುಡುಗೆಯ ಹುಡುಗಿ ಜಲಧಾರೆಯಲ್ಲಿ ಮೀಯುವ ಲಿರಿಲ್ ಸೋಪಿನ ಜಾಹೀರಾತು ದೇಶದ ಚಿತ್ರಮಂದಿರಗಳಲ್ಲಿ ಸಂಚಲನ ಉಂಟುಮಾಡಿತ್ತಲ್ಲ, ಅದೂ ಇದೇ ನೀರಿನಲ್ಲಿ ತೆಗೆದದ್ದು. ಒಮ್ಮೆ ಸೋಪಿನ ತಾಜಾತನ ಮಾರಿದ ನೀರು ಇನ್ನೊಮ್ಮೆ ರಾಷ್ಟ್ರೀಯ ಭಾವೈಕ್ಯವನ್ನು ಸಾರಿತು!

ಸೋಪು ಮಾರುವವರ ಸೂತ್ರಗಳು ಇಲ್ಲೂ ಚೆನ್ನಾಗಿ ದುಡಿದವು. ಹೇಳುವುದು ಒಂದೇ ಮಾತಾಗಿರಬೇಕು. ಅದನ್ನು ಮತ್ತೆ ಮತ್ತೆ ಹೇಳಬೇಕು. ಧಾಟಿ ಒಮ್ಮೆ ಕೇಳಿದರೆ ನಾಲಿಗೆಗೆ ಅಂಟಬೇಕು. ಜನ ಪ್ರೀತಿಸುವ ಮುಖಗಳು ಅದನ್ನು ಹೇಳಬೇಕು. ಅಮಿತಾಭ್ ಬಚ್ಚನ್, ಕಮಲ ಹಾಸನ್, ಹೇಮಾಮಾಲಿನಿ, ಶಬಾನಾ ಆಜ್ಮಿ, ಬಾಲಮುರಳಿಕೃಷ್ಣ, ಲತಾ ಮಂಗೇಶ್ಕರ್, ಮಲ್ಲಿಕಾ ಸಾರಾಭಾಯಿ, ಮೃಣಾಲ್ ಸೇನ್ ಹೀಗೆ ಪಟ್ಟಿ ಬೆಳೆಯುತ್ತದೆ. ಕ್ರೀಡಾಲೋಕದಿಂದ ಕರ್ನಾಟಕದ ಪ್ರಕಾಶ್ ಪಡುಕೋಣೆ, ಸೈಯದ್ ಕಿರ್ಮಾನಿ ಇದ್ದಾರೆ. ಆದರೆ ತಾರೆಯರಷ್ಟೇ ಅಲ್ಲ. ಮಾವುತ, ರೈತ, ದೋಣಿಯವ, ಶಾಲಾ ಮಕ್ಕಳು ಕೂಡ ಅದೇ ಸಾಲನ್ನು ಅದೇ ಗತ್ತಿನಿಂದ ಹೇಳುತ್ತಾರೆ. ತಾರೆಗೂ ಮಾವುತನಿಗೂ ತೆರೆಯ ಮೇಲೆ ಸಿಕ್ಕ ಹೊತ್ತು ಹೆಚ್ಚುಕಡಿಮೆ ಒಂದೇ. ಜನರಿಗೆ ಇದು ಹಿಡಿಸಿತು.

ಕಾಲ ಕೂಡಿಬಂದಿತ್ತು

ಈ ಚಿತ್ರ ಹತ್ತು ವರ್ಷ ಮೊದಲು ಬಂದಿದ್ದರೆ ನೋಡಲು ಜನರೇ ಇರುತ್ತಿರಲಿಲ್ಲ. ಹತ್ತು ವರ್ಷ ತಡವಾಗಿದ್ದರೆ ಎಲ್ಲರೂ ಒಂದೇ ವಾಹಿನಿ ನೋಡುತ್ತಿರಲಿಲ್ಲ.

ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಯೋಗಾರ್ಥವಾಗಿ ಆರಂಭವಾದ ಟಿ.ವಿ. ಬಹುಕಾಲ ಕೆಲವೇ ನಗರಗಳ ಸೊತ್ತಾಗಿತ್ತು. ಕರ್ನಾಟಕದಲ್ಲಿ 1975ರ ‘ಸೈಟ್’ ಉಪಗ್ರಹ ಪ್ರಯೋಗ ಗುಲ್ಬರ್ಗ, ರಾಯಚೂರು, ಬಿಜಾಪುರ ಸೀಮೆಯ ಹಳ್ಳಿಗಳಿಗೆ ಟಿ.ವಿ. ತೋರಿಸಿತು. ದೂರದರ್ಶನದಲ್ಲಿ ಜಾಹೀರಾತಿಗೆ ಅವಕಾಶ ಸಿಕ್ಕಿದ್ದು 1976ರ ಜನವರಿಯಿಂದ. ಬೆಂಗಳೂರು ಕೇಂದ್ರ 1981ರಲ್ಲಿ ಬಂತು. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ, ಬಣ್ಣದ ಪ್ರಸಾರ, ಏಷ್ಯನ್ ಕ್ರೀಡಾಕೂಟ ಒಟ್ಟಿಗೆ ಬಂದವು. 1983ರಲ್ಲಿ ಇನ್ಸಾಟ್–1ಬಿ ಉಪಗ್ರಹ ಮೇಲೇರಿದ ನಂತರ ಊರೂರುಗಳಲ್ಲಿ ಸಣ್ಣ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. ಘಟ್ಟದ ಸಾಲು, ಸಮುದ್ರಕ್ಕೆ ಚಾಚಿದ ಗುಡ್ಡಗಳ ನಡುವಿನ ಕರಾವಳಿಯಲ್ಲಿ ಚಿತ್ರ ಹಿಡಿಯುವುದೇ ಒಂದು ಸಾಹಸ. ಬಿದಿರಗಳುವಿಗೆ, ಮಾಡಿನ ತುದಿಗೆ ಆಂಟೆನಾ ಕಟ್ಟಿ, ಒಬ್ಬರು ತಿರುಗಿಸುತ್ತ, ಇನ್ನೊಬ್ಬರು ಒಳಗಿನಿಂದ ‘ಬಂತು, ಹೋಯ್ತು’ ಎಂದು ಕೂಗುತ್ತ ನಡೆಸುತ್ತಿದ್ದ ಕಸರತ್ತು ಆ ತಲೆಮಾರಿಗೆ ಮರೆಯುವಂಥದ್ದಲ್ಲ.

ಇಡೀ ದೇಶ ಒಂದೇ ಹೊತ್ತಿಗೆ ಒಂದೇ ಚಿತ್ರ ನೋಡುವ ವಿಚಿತ್ರ ಸ್ಥಿತಿ ಹೀಗೆ ಉಂಟಾಯಿತು. ರಮಾನಂದ ಸಾಗರ್ ಅವರ ‘ರಾಮಾಯಣ’ 1988ರ ಜುಲೈ 31ಕ್ಕೆ ಮುಗಿದಿತ್ತು. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಅಕ್ಟೋಬರ್ 2ಕ್ಕೆ ಶುರುವಾಯಿತು. ಈ ಎರಡರ ನಡುವಿನ ಬಿಡುವಿನಲ್ಲಿ ‘ಮಿಲೇ ಸುರ್’ ಬಂತು. ಕಾರ್ಯಕ್ರಮಗಳ ನಡುವೆ ಹೊತ್ತು ಉಳಿದಾಗಲೆಲ್ಲ ದೂರದರ್ಶನ ಇದನ್ನು ಹಾಕುತ್ತಿತ್ತು. ಬೇರೆ ವಾಹಿನಿಗೆ ತಿರುಗಿಸೋಣವೆಂದರೆ ಬೇರೆ ವಾಹಿನಿಯೇ ಇರಲಿಲ್ಲ.

ದೇಶಕ್ಕೂ ಇಂಥದೊಂದು ಮಾತು ಬೇಕಿತ್ತು ಎನ್ನಬಹುದು. 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆ, ಅದರ ಬೆನ್ನಿಗೆ ಸಿಖ್ಖರ ನರಮೇಧ. ಪಂಜಾಬ್ ಉರಿಯುತ್ತಲೇ ಇತ್ತು. ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಗೂರ್ಖಾಲ್ಯಾಂಡ್ ಚಳವಳಿ. ಕರ್ನಾಟಕದಲ್ಲಿ ಗೋಕಾಕ್ ಚಳವಳಿಯ ಕಾವು ಇನ್ನೂ ಜನರ ನೆನಪಿನಲ್ಲಿತ್ತು. ಪಕ್ಕದ ಗೋವಾದಲ್ಲಿ ಕೊಂಕಣಿಯೋ ಮರಾಠಿಯೋ ಎಂಬ ಪ್ರಶ್ನೆ ಬೀದಿಗೆ ಬಂದು, 1987ರಲ್ಲಿ ಕೊಂಕಣಿ ಅಲ್ಲಿನ ಆಡಳಿತ ಭಾಷೆಯಾಯಿತು. ಅದೇ ವರ್ಷ ಗೋವಾ ರಾಜ್ಯವೂ ಆಯಿತು. ಭಾಷೆಯ ಹೆಸರಿನಲ್ಲಿ ಜನ ಬೇರೆಯಾಗುತ್ತಿದ್ದಾರೆ ಎಂಬ ಆತಂಕದ ನಡುವೆ, ಭಾಷೆಗಳನ್ನೇ ಸಾಲಾಗಿ ನಿಲ್ಲಿಸಿ ಒಗ್ಗಟ್ಟಿನ ಮಾತಾಡಿದ್ದು ಈ ಚಿತ್ರದ ಜಾಣ್ಮೆ.

ಭೈರವಿಯೇ ಏಕೆ?

ಹದಿನಾಲ್ಕು ಭಾಷೆಗಳಿಗೆ ಒಂದೇ ಧಾಟಿ ಹೊಂದಿಸುವುದು ಸುಲಭದ ಕೆಲಸವಲ್ಲ. ಪ್ರತಿ ಭಾಷೆಗೂ ಅದರದೇ ನಡೆ, ಅದರದೇ ಒತ್ತು ಇರುತ್ತದೆ. ಅದಕ್ಕೇ ಭೈರವಿಯ ಆಯ್ಕೆ ಅರ್ಥಪೂರ್ಣ. ಹಿಂದೂಸ್ಥಾನಿ ಸಂಗೀತದಲ್ಲಿ ಕಛೇರಿಯ ಕೊನೆಗೆ ಭೈರವಿ ಹಾಡುವುದು ರೂಢಿ. ಠುಮ್ರಿ, ಭಜನೆ, ಜನಪದ ಧಾಟಿ ಎಲ್ಲವೂ ಅದರಲ್ಲಿ ಒಗ್ಗುತ್ತವೆ. ಹಗುರ ಗಾಯನದಲ್ಲಿ ಹನ್ನೆರಡೂ ಸ್ವರಗಳಿಗೆ ಅಲ್ಲಿ ಪ್ರವೇಶ ಉಂಟು. ಕರ್ನಾಟಕ ಸಂಗೀತದ ಕಿವಿಗೆ ಸಿಂಧುಭೈರವಿ ಇದರ ಹತ್ತಿರದ ಬಂಧು. ಉತ್ತರದವರಿಗೂ ದಕ್ಷಿಣದವರಿಗೂ ಪರಕೀಯ ಅನ್ನಿಸದ ರಾಗವೊಂದಿದ್ದರೆ ಅದು ಇದೇ.

ಸಾಲಿನಿಂದ ಸಾಲಿಗೆ ವಾದ್ಯ, ತಾಳದ ಬನಿ ಆಯಾ ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಆದರೆ ರಾಗ ಬದಲಾಗುವುದಿಲ್ಲ. ಭಾಷಣದಲ್ಲಿ ಹೇಳಿದರೆ ಯಾರೂ ಕೇಳದ ‘ವಿವಿಧತೆಯಲ್ಲಿ ಏಕತೆ’ ಎಂಬ ಸವಕಲು ಮಾತು ಇಲ್ಲಿ ಕಿವಿಗೇ ಕೇಳಿಸುತ್ತದೆ.

ಆ ಭೈರವಿಯನ್ನು ಎತ್ತಿಕೊಟ್ಟವರು ಕನ್ನಡಿಗರು ಎಂಬುದೂ ಗಮನಾರ್ಹ. ಗದಗ ಸೀಮೆಯಲ್ಲಿ 1922ರಲ್ಲಿ ಹುಟ್ಟಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿ, ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಅಷ್ಟೇ ತನ್ಮಯತೆಯಿಂದ ಹಾಡಿದ ಭೀಮಸೇನ ಜೋಶಿ ಇಲ್ಲಿ ಹಾಡಿದ್ದು ಹಿಂದಿಯಲ್ಲಿ. ಒಬ್ಬ ಮನುಷ್ಯನಲ್ಲಿ ಮೂರು ಭಾಷೆಗಳು ಜಗಳವಿಲ್ಲದೆ ಬಾಳಬಲ್ಲವು ಎಂಬುದಕ್ಕೆ ಆ ಕಂಠವೇ ಸಾಕ್ಷಿ.

ಮೂರು ಭಾಷೆಗಳ ಊರು

ಇಂಥ ಬಾಳು ಕಾರವಾರದವರಿಗೆ ಹೊಸದೇನಲ್ಲ. ಮೀನು ಕೊಳ್ಳುವಾಗ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಮುಂಬಯಿಯಿಂದ ಬಂದ ನೆಂಟರೊಡನೆ ಮರಾಠಿ ಎಂದು ದಿನಕ್ಕೆ ಹತ್ತು ಬಾರಿ ನಾಲಿಗೆ ಹೊರಳಿಸುವವರು ಅಲ್ಲಿ ಸಾಮಾನ್ಯ. ಖಾರ್ವಿ ಮೀನುಗಾರರ ಮನೆಮಾತು ಕೊಂಕಣಿ. ಅಂಕೋಲೆಯ ಕಡೆಗೆ ಬಂದರೆ ನಾಡವರ ಕನ್ನಡ, ಹಾಲಕ್ಕಿ ಒಕ್ಕಲಿಗರ ವಿಶಿಷ್ಟ ಕನ್ನಡ. ಘಟ್ಟ ಹತ್ತಿದರೆ ಸಿದ್ದಿಗಳ ಕೊಂಕಣಿಯ ಬಗೆಯೇ ಬೇರೆ.

ಇದಕ್ಕೆ ಆಡಳಿತದ ಇತಿಹಾಸವೂ ಕಾರಣ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಸುಮಾರು ಶತಮಾನ ಕಾಲ ರಾಜಧಾನಿ ಮುಂಬಯಿಯೇ ಆಗಿದ್ದುದರಿಂದ ಓದು, ಉದ್ಯೋಗ, ವ್ಯಾಪಾರಕ್ಕೆ ಜನ ಅತ್ತಲೇ ಹಡಗು ಹತ್ತಿದರು. ರಾಜ್ಯ ಪುನರ್ವಿಂಗಡಣೆಯ ನಂತರ ಮಹಾರಾಷ್ಟ್ರ ಬೆಳಗಾವಿಯ ಜೊತೆಗೆ ಕಾರವಾರ, ಹಳಿಯಾಳ, ಸೂಪಾ ಭಾಗಗಳನ್ನೂ ಕೇಳಿತು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಕಾರವಾರವನ್ನು ಮೈಸೂರು ರಾಜ್ಯದಲ್ಲೇ ಉಳಿಸಿತು. ಆದರೂ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದಾಗ ಬೇಡಿಕೆಯ ಪಟ್ಟಿಯಲ್ಲಿ ಕಾರವಾರ ಮತ್ತೆ ಇತ್ತು.

ಈ ವಾದದ ನಡುವೆ ಸಿಕ್ಕಿಬಿದ್ದದ್ದು ಕೊಂಕಣಿ. ಅದು ಮರಾಠಿಯ ಉಪಭಾಷೆ ಎಂದು ಒಂದು ಪಕ್ಷ. ಅಲ್ಲ, ಸ್ವತಂತ್ರ ಭಾಷೆ ಎಂದು ಇನ್ನೊಂದು ಪಕ್ಷ. ಉಪಭಾಷೆ ಎಂದರೆ ಊರು ಮಹಾರಾಷ್ಟ್ರದ್ದೆಂಬ ವಾದಕ್ಕೆ ಬಲ. ಸ್ವತಂತ್ರ ಭಾಷೆ ಎಂದರೆ ಆ ವಾದಕ್ಕೆ ಬುಡವಿಲ್ಲ. ಅಡುಗೆಮನೆಯ ಮಾತು ಗಡಿಯ ದಾಖಲೆಯಾದದ್ದು ಹೀಗೆ.

‘ಮಿಲೇ ಸುರ್’ನಲ್ಲಿ ಗುಜರಾತಿಯ ನಂತರ ಮರಾಠಿ, ಅದಕ್ಕೂ ಮೊದಲು ತಮಿಳು, ತೆಲುಗುಗಳ ಸರದಿಯಲ್ಲಿ ಕನ್ನಡ ಬರುತ್ತದೆ. ಭೂಪಟದಲ್ಲಿ ಆ ಎರಡೂ ಭಾಷೆಗಳ ನಡುವೆ ಇರುವ ಕರಾವಳಿ ಪಟ್ಟಿಗೆ ಹಾಡಿನಲ್ಲಿ ಜಾಗವಿಲ್ಲ.

ಪಟ್ಟಿಯ ಹೊರಗೆ

ಯಾರಿಗೋ ಕೊಂಕಣಿಯ ಮೇಲೆ ಸಿಟ್ಟಿತ್ತು ಎಂದು ಭಾವಿಸಬೇಕಿಲ್ಲ. ಚಿತ್ರದಲ್ಲಿರುವ ಭಾಷೆಗಳನ್ನು ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ: ಹಿಂದಿ, ಕಾಶ್ಮೀರಿ, ಉರ್ದು, ಪಂಜಾಬಿ, ಸಿಂಧಿ, ತಮಿಳು, ಕನ್ನಡ, ತೆಲುಗು, ಮಲಯಾಳಂ, ಬಂಗಾಳಿ, ಅಸ್ಸಾಮಿ, ಒಡಿಯಾ, ಗುಜರಾತಿ, ಮರಾಠಿ. 1988ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇದ್ದದ್ದು ಹದಿನೈದು ಭಾಷೆಗಳು. ಅವುಗಳಲ್ಲಿ ಸಂಸ್ಕೃತವೊಂದನ್ನು ಬಿಟ್ಟರೆ ಉಳಿದ ಹದಿನಾಲ್ಕೂ ಇಲ್ಲಿವೆ. ದೇಶದ ಹಾಡಿನ ಪಟ್ಟಿ ದೇಶದ ಕಾನೂನಿನ ಪಟ್ಟಿಯೊಂದಿಗೆ ಹೊಂದಿಕೊಂಡಿತ್ತು. ಆ ಪಟ್ಟಿಯಲ್ಲಿ ಇಲ್ಲದ ಕೊಂಕಣಿ, ತುಳು, ಕೊಡವ, ಮಣಿಪುರಿ, ನೇಪಾಳಿ, ಸಂತಾಲಿಗಳಿಗೆ ಹಾಡಿನಲ್ಲೂ ಸಾಲು ಸಿಗಲಿಲ್ಲ.

ವಿಪರ್ಯಾಸ ನೋಡಿ. ಕೊಂಕಣಿ ನೆಲದ ಜನ ಚಿತ್ರದಲ್ಲಿ ಧಾರಾಳವಾಗಿದ್ದಾರೆ. ಪ್ರಕಾಶ್ ಪಡುಕೋಣೆಯವರ ಮನೆಮಾತು ಕೊಂಕಣಿ. ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಗೋವಾದವರು. ಕೊನೆಯ ಸಾಲುಗಳನ್ನು ಹಾಡುವ ಲತಾ ಮಂಗೇಶ್ಕರ್ ಅವರ ಮನೆತನದ ಹೆಸರೇ ಗೋವಾದ ಮಂಗೇಶಿಯಿಂದ ಬಂದದ್ದು. ಮುಖಗಳಿವೆ, ಕಂಠವಿದೆ, ಮಾತು ಮಾತ್ರ ಇಲ್ಲ.

ಕಾರವಾರಕ್ಕೆ ಇದು ತಟ್ಟುವುದಕ್ಕೆ ಇನ್ನೊಂದು ಕಾರಣವಿದೆ. ಕೊಂಕಣಿಗರನ್ನು ಒಂದುಗೂಡಿಸುವ ಮೊದಲ ಅಖಿಲ ಭಾರತ ಪರಿಷತ್ತು ಸೇರಿದ್ದೇ ಕಾರವಾರದಲ್ಲಿ, 1939ರಲ್ಲಿ. ಅಲ್ಲಿನ ವಕೀಲ ಮಾಧವ ಮಂಜುನಾಥ ಶಾನಭಾಗರು ಗೆಳೆಯರೊಂದಿಗೆ ಕೊಂಕಣಿ ಸೀಮೆಗಳನ್ನು ಸುತ್ತಿ ಅದನ್ನು ಸಂಘಟಿಸಿದರು. ದೇವನಾಗರಿ, ಕನ್ನಡ, ರೋಮನ್, ಮಲಯಾಳಂ ಎಂದು ಹಲವು ಲಿಪಿಗಳಲ್ಲಿ, ಹಿಂದೂ, ಕ್ರೈಸ್ತ, ಮುಸ್ಲಿಂ ಎಂದು ಹಲವು ಮನೆಗಳಲ್ಲಿ, ಬ್ರಿಟಿಷ್ ಮತ್ತು ಪೋರ್ಚುಗೀಸ್ ಎಂಬ ಎರಡು ಆಡಳಿತಗಳ ಅಡಿಯಲ್ಲಿ ಹಂಚಿಹೋಗಿದ್ದ ಭಾಷೆಗೆ ಒಂದು ಸ್ವರ ಕೊಡುವ ಯತ್ನ ಅದು. ಬೇರೆ ಬೇರೆ ದನಿಗಳನ್ನು ಕೂಡಿಸುವ ‘ಮಿಲೇ ಸುರ್’ನ ಆಶಯವನ್ನು ಟಿ.ವಿ. ಇಲ್ಲದ ಕಾಲದಲ್ಲಿ, ಚಿತ್ರಕ್ಕಿಂತ ಅರ್ಧ ಶತಮಾನ ಮೊದಲು, ಕಾರವಾರ ತನ್ನ ಮಟ್ಟಿಗೆ ಆಡಿ ತೋರಿಸಿತ್ತು!

ಆ ದಾರಿ ದೀರ್ಘವಾಯಿತು. 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯ ಭಾಷೆ ಎಂದು ಒಪ್ಪಿತು. 1987ರಲ್ಲಿ ಗೋವಾದ ಮನ್ನಣೆ. 1992ರಲ್ಲಿ ಸಂವಿಧಾನದ 71ನೆಯ ತಿದ್ದುಪಡಿಯ ಮೂಲಕ ಕೊಂಕಣಿ, ಮಣಿಪುರಿ, ನೇಪಾಳಿ ಮೂರೂ ಎಂಟನೆಯ ಅನುಸೂಚಿ ಸೇರಿದವು. 1994ರಲ್ಲಿ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ಚಿತ್ರ ನಾಲ್ಕು ವರ್ಷ ತಡವಾಗಿ ತಯಾರಾಗಿದ್ದರೆ ಕೊಂಕಣಿಗೂ ಒಂದು ಸಾಲು ಸಿಗುತ್ತಿತ್ತೇನೋ. 2003ರಲ್ಲಿ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿ ಅನುಸೂಚಿಯ ಸಂಖ್ಯೆ 22ಕ್ಕೆ ಏರಿತು. ತುಳು, ಕೊಡವ ಇಂದಿಗೂ ಹೊರಗೇ ಇವೆ.

ಪಟ್ಟಿಗಳ ಗುಣವೇ ಹೀಗೆ. ಚಿತ್ರದ ಕೊನೆಯಲ್ಲಿ ಕೇಳಿಸುವ ರಾಷ್ಟ್ರಗೀತೆಯ ಸ್ವರಗಳನ್ನೇ ತೆಗೆದುಕೊಳ್ಳಬಹುದು. ಅದನ್ನು ಬರೆದ ರವೀಂದ್ರನಾಥ ಠಾಕೂರರು ತಮ್ಮ 22ರ ಹರೆಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಕಾರವಾರದ ಕಡಲತೀರದಲ್ಲಿ ಕೆಲಕಾಲ ಇದ್ದವರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲಿಯೇ. ರಾಷ್ಟ್ರಗೀತೆಯೂ ನಾಡುಗಳ ಹೆಸರುಗಳನ್ನು ಜೋಡಿಸುತ್ತದೆ. ಅಲ್ಲಿ ಕನ್ನಡನಾಡಿನ ಹೆಸರು ಬೇರೆಯಾಗಿಲ್ಲ; ‘ದ್ರಾವಿಡ’ ಎಂಬ ಒಂದೇ ಪದದಲ್ಲಿ ಅದು ಅಡಕ. ಹಾಗೆಂದು ಕನ್ನಡಿಗರು ಅದನ್ನು ತಮ್ಮದಲ್ಲವೆಂದು ಬಿಟ್ಟಿಲ್ಲ. ಹೆಸರಿಸಿದ ಪಟ್ಟಿ ಸಾಂಕೇತಿಕ ಎಂದು ಕೇಳುವವನಿಗೆ ಅನ್ನಿಸಿದರೆ ಅವನು ಒಳಗಿರುತ್ತಾನೆ. ಪಟ್ಟಿಯೇ ಅಂತಿಮ ಎಂದಾದರೆ ಹೊರಗೆ ನಿಲ್ಲುತ್ತಾನೆ.

ಅಂಕೋಲೆಯ ಸ್ವರ

ಚಿತ್ರದ ಬಗ್ಗೆ ಎತ್ತಬಹುದಾದ ಆಕ್ಷೇಪ ಇದೊಂದೇ ಅಲ್ಲ. ಉಳಿದ ಭಾಷೆಗಳಿಗೆ ಸಿಕ್ಕಿದ್ದು ಚಿಕ್ಕ ಸರದಿ. ಹಿಂದಿ ಮಾತ್ರ ಆರಂಭದಲ್ಲೂ ಇದೆ, ಮುಕ್ತಾಯದಲ್ಲೂ ಇದೆ, ನಡುವೆಯೂ ಮರಳಿ ಬರುತ್ತದೆ. ಮಣಿಗಳು ಹಲವು, ದಾರ ಹಿಂದಿಯದು. ಸಂಜೆಯ ಮುಖ್ಯ ಹೊತ್ತನ್ನು ದೆಹಲಿಯ ಹಿಂದಿ ಕಾರ್ಯಕ್ರಮಗಳೇ ತುಂಬುತ್ತಿದ್ದ ದೂರದರ್ಶನದಲ್ಲಿ ಇದು ಅಚ್ಚರಿಯಲ್ಲ. ಕನ್ನಡದ ಒಂದು ಸಾಲು ಬಂದಾಗ ಕಿವಿ ನಿಮಿರುತ್ತಿದ್ದುದಕ್ಕೆ ಕಾರಣವೂ ಅದೇ: ರಾಷ್ಟ್ರೀಯ ಪ್ರಸಾರದಲ್ಲಿ ಕನ್ನಡ ಅಷ್ಟು ಅಪರೂಪವಾಗಿತ್ತು. ಉತ್ತರ ಕನ್ನಡದ ಮಣ್ಣಿನಿಂದ ಹೊರಟ ಶಂಕರ್ ನಾಗ್ ಆಗುಂಬೆಯಲ್ಲಿ ಕನ್ನಡದ ನಟರನ್ನು ಕಟ್ಟಿಕೊಂಡು ತೆಗೆದ ‘ಮಾಲ್ಗುಡಿ ಡೇಸ್’ ಕೂಡ ದೇಶದ ಮನೆಗಳಿಗೆ ಹೋದದ್ದು ಹಿಂದಿಯಲ್ಲಿ.

ಒಗ್ಗಟ್ಟು ಟಿ.ವಿ.ಯಿಂದಲೇ ಬರಬೇಕೆಂದೂ ಇಲ್ಲ. ಅಂಕೋಲಾ ಅದಕ್ಕೆ ಒಳ್ಳೆಯ ನಿದರ್ಶನ. ಗಾಂಧೀಜಿಯವರ ದಂಡಿ ಯಾತ್ರೆಯ ಬೆನ್ನಿಗೆ, 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಕರನಿರಾಕರಣೆ ಚಳವಳಿ ಹಬ್ಬಿ, ರೈತರು ಜಮೀನು, ಮನೆ ಕಳೆದುಕೊಂಡರು. ಅಂಕೋಲಾ ‘ಕರ್ನಾಟಕದ ಬಾರ್ಡೋಲಿ’ ಎನಿಸಿತು. ಅಂದು ಕನ್ನಡದ ಮನೆಯವರೂ ಕೊಂಕಣಿಯ ಮನೆಯವರೂ ಕೂಡಿ ಜೈಲಿಗೆ ಹೋದರು. ಅವರನ್ನು ಒಂದುಗೂಡಿಸಿದ್ದು ಜಿಂಗಲ್ ಅಲ್ಲ, ಹಿಡಿ ಉಪ್ಪು.

ಅಂಕೋಲಾ ತಾಲ್ಲೂಕಿನ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರನ್ನೂ ಇಲ್ಲಿ ನೆನೆಯಬೇಕು. ಓದುಬರಹ ಕಲಿಯದ ಅವರ ನೆನಪಿನಲ್ಲಿ ಮದುವೆ, ಸುಗ್ಗಿ, ನಾಟಿಯ ಹಾಡುಗಳ ದೊಡ್ಡ ಕಣಜವೇ ಇತ್ತು. ಆಕಾಶವಾಣಿಯ ಕಾರವಾರ ಕೇಂದ್ರ ಅವರ ಹಾಡುಗಳನ್ನು ಧ್ವನಿಮುದ್ರಿಸಿತು. ಸಾರಾಯಿ ವಿರುದ್ಧದ ಹೋರಾಟದಲ್ಲೂ ಅವರದು ಮುಂಚೂಣಿಯ ದನಿ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ನಿಧನರಾದರು. ಅವರ ಕನ್ನಡ ‘ಮಿಲೇ ಸುರ್’ನ ಕನ್ನಡವಲ್ಲ. ಅನುಸೂಚಿಯಲ್ಲಿರುವ ಭಾಷೆಯ ಒಳಗೂ ಎಷ್ಟೋ ಕನ್ನಡಗಳಿವೆ. ಒಂದು ಸಾಲಿನ ಕನ್ನಡ ಅವೆಲ್ಲವನ್ನೂ ಪ್ರತಿನಿಧಿಸಲಾರದು. ಹಾಗೆ ನೋಡಿದರೆ ಕನ್ನಡದೊಳಗಿನ ಹಾಲಕ್ಕಿಯ ಅಳಲೂ ದೇಶದೊಳಗಿನ ಕೊಂಕಣಿಯ ಅಳಲೂ ಒಂದೇ ಜಾತಿಯವು.

ಉಳಿದುಬಂದ ಪ್ರಭಾವ

ಇಷ್ಟೆಲ್ಲ ಕೊರತೆಯಿದ್ದ ಮೇಲೂ ‘ಮಿಲೇ ಸುರ್’ ಜನಮನದಿಂದ ಮರೆಯಾಗಲಿಲ್ಲ. ಜಾಹೀರಾತು ಲೋಕದಲ್ಲಿ ಅದು ದಾರಿ ಬದಲಿಸಿದ ಕೃತಿ. ಅದುವರೆಗೆ ಇಲ್ಲಿನ ಅನೇಕ ಜಾಹೀರಾತುಗಳು ಇಂಗ್ಲಿಷಿನಲ್ಲಿ ಹುಟ್ಟಿ, ದೇಶಭಾಷೆಗಳಿಗೆ ಅನುವಾದವಾಗುತ್ತಿದ್ದವು. ಜನ ಆಡುವ ಭಾಷೆಯಲ್ಲೇ ಯೋಚಿಸಿ ಬರೆಯಬಹುದು ಎಂದು ಪೀಯೂಷ್ ಪಾಂಡೆ ತೋರಿಸಿದರು. ಫೆವಿಕಾಲ್, 1994ರ ಕ್ಯಾಡ್ಬರಿ ಕ್ರಿಕೆಟ್ ಜಾಹೀರಾತು, ಪೋಲಿಯೊ ಲಸಿಕೆಯ ಪ್ರಚಾರ ಎಲ್ಲದರಲ್ಲೂ ಅವರ ಈ ಧೋರಣೆ ಕಾಣುತ್ತದೆ. 2025ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಎಲ್ಲೆಡೆ ಮೊದಲು ನೆನಪಾದ ಕೆಲಸಗಳಲ್ಲಿ ‘ಮಿಲೇ ಸುರ್’ ಒಂದು.

ದೇಶಪ್ರೇಮವೂ ಮಾರಾಟದ ಸರಕಾಗಬಲ್ಲದು ಎಂಬುದು ವ್ಯಾಪಾರಿಗಳಿಗೆ ಬೇಗನೆ ಹೊಳೆಯಿತು. ಮರುವರ್ಷ, 1989ರಲ್ಲಿ, ಬಜಾಜ್ ಸ್ಕೂಟರ್ ಕಂಪೆನಿ ತನ್ನ ಸ್ಕೂಟರನ್ನೇ ಭಾರತದ ಪ್ರತಿಬಿಂಬವೆಂದು ಬಿಂಬಿಸುವ ಜಾಹೀರಾತು ತಂದಿತು. ಇಲ್ಲೂ ಸಾಮಾನ್ಯ ಜನರ ಮುಖಗಳು, ಹಲವು ಪ್ರದೇಶಗಳ ಬದುಕು. ಆದರೆ ಈ ಬಾರಿ ಕೊನೆಗೆ ಸ್ಕೂಟರ್ ಇತ್ತು.

2010ರ ಗಣರಾಜ್ಯೋತ್ಸವಕ್ಕೆ ‘ಫಿರ್ ಮಿಲೇ ಸುರ್’ ಎಂಬ ಹೊಸ ಆವೃತ್ತಿ ಬಂತು. ಹದಿನಾರು ನಿಮಿಷಕ್ಕೂ ಉದ್ದ. ಚಿತ್ರತಾರೆಯರ ದಂಡು ಇನ್ನೂ ದೊಡ್ಡದು. ಹಳೆಯದರ ಹಿಡಿತ ಅದಕ್ಕೆ ಸಿಗಲಿಲ್ಲ. ನೂರಾರು ವಾಹಿನಿಗಳ ಕಾಲದಲ್ಲಿ ಇಡೀ ದೇಶ ಒಂದೇ ತೆರೆಯ ಮುಂದೆ ಕೂರುವ ಪ್ರಶ್ನೆಯೂ ಇರಲಿಲ್ಲ. ಮಾವುತನಿಗೂ ಮಹಾನಟನಿಗೂ ಸಮನಾದ ಹೊತ್ತು ಕೊಟ್ಟ ಹಳೆಯ ಸಂಯಮವೂ ಅಲ್ಲಿರಲಿಲ್ಲ.

ಕಾರವಾರದ ಕಿವಿಗೆ ಇಷ್ಟವಾಗುವ ಸುದ್ದಿಯೊಂದು ಮಾತ್ರ ಕೊನೆಗೆ ಬಂತು. ಹದಿನಾಲ್ಕು ಭಾಷೆಗಳಿಗೆ ಧಾಟಿ ಹಾಕಿ ಕೊಂಕಣಿಯನ್ನು ಮುಟ್ಟದೆ ಹೋಗಿದ್ದ ಅದೇ ಅಶೋಕ್ ಪತ್ಕಿಯವರಿಗೆ 2006ನೆಯ ಸಾಲಿನ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು. ಚಿತ್ರದ ಹೆಸರು ‘ಅಂತರ್ನಾದ್’. ಭಾಷೆ ಕೊಂಕಣಿ.

2011ರ ಜನಗಣತಿಯಲ್ಲಿ ಕೊಂಕಣಿಯನ್ನು ಮನೆಮಾತೆಂದು ಬರೆಸಿದವರು 22 ಲಕ್ಷಕ್ಕೂ ಹೆಚ್ಚು. ಅವರ ಪೈಕಿ ‘ಮಿಲೇ ಸುರ್’ನ ಕನ್ನಡ ಸಾಲನ್ನೋ ಮರಾಠಿ ಸಾಲನ್ನೋ ತಮ್ಮದೆಂದೇ ಹಾಡಿದವರು ಎಷ್ಟೋ ಮಂದಿ. ಬಿಟ್ಟುಹೋದ ತಮ್ಮ ಮಾತಿನ ಬಗ್ಗೆ ಬೇಸರವಿದ್ದೂ ಹಾಡನ್ನು ಒಪ್ಪಿಕೊಂಡ ಈ ದೊಡ್ಡತನವನ್ನು ಯಾವ ಜಾಹೀರಾತು ಸಂಸ್ಥೆಯೂ ಕಲಿಸಿಕೊಟ್ಟದ್ದಲ್ಲ; ಮೂರು ಭಾಷೆಗಳ ನಡುವೆ ತಲೆತಲಾಂತರದಿಂದ ಬಾಳಿದ ಊರಿಗೆ ಅದು ತಾನಾಗಿ ಬಂದದ್ದು. ಸ್ವರ ಕೂಡಬೇಕೆಂದರೆ ಎಲ್ಲರೂ ಹಾಡಿದರೆ ಸಾಲದು. ಹಾಡಲು ಸರದಿ ಸಿಗದವರು ಯಾರೆಂದು ಕೇಳಿಸಿಕೊಳ್ಳುವ ಕಿವಿಯೂ ಬೇಕು.